ತಪಸಿ ಮರದ ಬಿಲ್ಲು, ಅಪ್ಪನ ಉಳಿ

‘ಶನಿವಾರ, ಭಾನುವಾರ ಬಿಲ್ಲು ಮಾಡ್ತಾ ಇದ್ದೆ’ ಅಂದರೆ ನಮ್ಮ ಟೀಮಿನವರು ಕೇಳುವ ಮೊದಲ ಪ್ರಶ್ನೆ, ‘ಯಾವ ಕ್ಲೈಂಟಿಗೆ?’ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವನ ಬಾಯಲ್ಲಿ ಬಿಲ್ಲು ಅಂದರೆ ಬೇರೆ ಏನು ಅರ್ಥ ಬರಬೇಕು ಹೇಳಿ! ಅಲ್ಲ ಮಾರಾಯ್ರೆ, ಇದು ಬಾಣ ಬಿಡುವ ಬಿಲ್ಲು. ಮರದ್ದು. ಐದೂವರೆ ಅಡಿ ಉದ್ದ. ಉಡುಪಿಯ ಕಡಿಯಾಳಿಯಲ್ಲಿ, ನಮ್ಮ ಮನೆಯ ಹಿಂದಿನ ಅಂಗಳದಲ್ಲಿ ನಾನು, ಅಪ್ಪ ಸೇರಿ ಮಾಡಿದ್ದು.

‘ನಾನು, ಅಪ್ಪ ಸೇರಿ’ ಎನ್ನುವ ಮಾತು ನಮ್ಮ ಮನೆಯಲ್ಲಿ ಹೊಸದು. ಅಪ್ಪ ನಲವತ್ತು ವರ್ಷ ಮರದ ಕೆಲಸ ಮಾಡಿದವರು. ಉಡುಪಿ, ಮಣಿಪಾಲ, ಕಾಪು ಕಡೆ ಎಷ್ಟೋ ಮನೆಗಳ ದಾರಂದ, ಕಿಟಕಿ, ಹಂಚಿನ ಮಾಡಿನ ಪಕ್ಕಾಸು, ರೀಪು ಅವರ ಕೈಯಲ್ಲಿ ಆದದ್ದು. ಆದರೆ ನನಗೆ ಮಾತ್ರ ಉಳಿ ಮುಟ್ಟಲು ಬಿಡಲಿಲ್ಲ. ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆ ಹೆಕ್ಕಿ ಆಡಬಹುದಿತ್ತು, ಅಷ್ಟೇ. ಪಿಯುಸಿ ರಿಸಲ್ಟ್ ಬಂದ ದಿನ ಅವರು ಹೇಳಿದ್ದು ಒಂದೇ ಮಾತು: ‘ಈ ಉಳಿ ನನ್ನ ಕೈಯಲ್ಲೇ ಮುಗೀಲಿ.’ ನಾನು ಮೆಕ್ಯಾನಿಕಲ್ ಓದಿದೆ, ಎಲ್ಲರ ಹಾಗೆ ಸಾಫ್ಟ್‌ವೇರ್ ಸೇರಿದೆ, ಬೆಂಗಳೂರಿಗೆ ಹೋದೆ. ಈಗ ಕಂಪನಿ ಬೆಂಗಳೂರಿನಲ್ಲೇ ಇದೆ, ನಾನು ಕಡಿಯಾಳಿಯ ಮನೆಯ ಮಹಡಿಯಲ್ಲಿ ಕೂತು ಲಾಗಿನ್ ಆಗುತ್ತೇನೆ.

ವಾಪಸ್ ಬರಲು ಕಾರಣ ಅಪ್ಪನ ಕಣ್ಣು. ಸಕ್ಕರೆ ಕಾಯಿಲೆ ನಿಧಾನಕ್ಕೆ ಕಣ್ಣಿಗೆ ಇಳಿದಿತ್ತು. ಲೇಸರ್, ಇಂಜೆಕ್ಷನ್ ಎಲ್ಲ ಆದ ಮೇಲೆ ಇದ್ದಷ್ಟು ದೃಷ್ಟಿ ಉಳಿಯಿತು. ಆಳು ಕಾಣುತ್ತದೆ, ಬಾಗಿಲು ಕಾಣುತ್ತದೆ, ಪೆನ್ಸಿಲ್ ಗೆರೆ ಕಾಣುವುದಿಲ್ಲ. ಗೆರೆ ಕಾಣದವನು ಮರಕ್ಕೆ ಎಂತ ಕೈ ಹಾಕುವುದು ಅಂತ ಉಳಿ ಪೆಟ್ಟಿಗೆಯನ್ನು ಮಂಚದಡಿಗೆ ತಳ್ಳಿ, ಮೂರು ವರ್ಷದಿಂದ ಟಿವಿ ಮುಂದೆ ಕೂತಿದ್ದರು. ನೋಡುವುದಕ್ಕಲ್ಲ, ಕೇಳುವುದಕ್ಕೆ.

ಎಲ್ಮ್ ಅಂದರೆ ನಮ್ಮ ತಪಸಿ

ಬಿಲ್ಲಿನ ಹುಚ್ಚು ಹಿಡಿದದ್ದು ಒಂದು ರಾತ್ರಿ ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಬಗ್ಗೆ ಓದುವಾಗ. ಅಲ್ಲಿನ ಜೌಗು ನೆಲದಲ್ಲಿ 1940ರ ದಶಕದಲ್ಲಿ ಮರದ ಬಿಲ್ಲುಗಳು ಸಿಕ್ಕಿದವು. ಸುಮಾರು 9,000 ವರ್ಷ ಹಳೆಯವು. ಮರ ಯಾವುದು? ಎಲ್ಮ್. ಲೋಹ ಇನ್ನೂ ಬಂದಿರದ ಕಾಲ, ಎಲ್ಲ ಕಲ್ಲಿನ ಸಲಕರಣೆಯಲ್ಲೇ ಕೆತ್ತಿದ್ದು. ಹಾಗಾದರೆ ನಮ್ಮಲ್ಲಿ ಎಲ್ಮ್ ಇದೆಯಾ ಅಂತ ಹುಡುಕಿದೆ. ಇದೆ. ಕನ್ನಡದಲ್ಲಿ ಅದರ ಹೆಸರು ತಪಸಿ. ಕೆಲವೆಡೆ ರಾಹುಬೀಜ ಅಂತಲೂ ಕರೆಯುತ್ತಾರೆ. ಆಯುರ್ವೇದದಲ್ಲಿ ಚಿರಬಿಲ್ವ. ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಮೊದಲು ವಿವರಿಸಿದಾಗ ನೇರವಾಗಿ ಎಲ್ಮ್‌ಗಳ ಕುಲಕ್ಕೇ ಸೇರಿಸಿದ್ದರು. ಆಮೇಲೆ ಅದಕ್ಕೆ ಹೋಲೋಪ್ಟೇಲಿಯಾ ಅಂತ ಬೇರೆ ಕುಲ ಆಯಿತು, ಕುಟುಂಬ ಮಾತ್ರ ಅದೇ ಉಳಿಯಿತು.

ಒಣ ಪ್ರದೇಶದ ಕಾಡುಗಳಲ್ಲಿ ಹೆಚ್ಚು ಕಾಣುವ ಮರ ಇದು. ಎಲೆಯನ್ನು ಕೈಯಲ್ಲಿ ಉಜ್ಜಿದರೆ ಕೆಟ್ಟ ವಾಸನೆ. ಚಳಿಗಾಲದ ಕೊನೆಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಒಂದು ರೂಪಾಯಿ ನಾಣ್ಯದಂಥ ತೆಳ್ಳಗಿನ ಗುಂಡು ಕಾಯಿಗಳು ಗಾಳಿಗೆ ಹಾರಿ ಅಂಗಳದ ತುಂಬ ಬೀಳುತ್ತವೆ. ಈ ಕಾಯಿಯ ಫೋಟೋ ನೋಡಿದಾಗಲೇ ಗೊತ್ತಾಯಿತು, ಕಾರ್ಕಳದ ಹತ್ತಿರ ಅಮ್ಮನ ತವರುಮನೆಯಲ್ಲಿ ಕೊಟ್ಟಿಗೆಯ ಹಿಂದೆ ನಿಂತಿರುವುದು ಇದೇ ಮರ. ರಜೆಯಲ್ಲಿ ಹೋದಾಗ ಆ ಕಾಯಿಗಳನ್ನೇ ದುಡ್ಡು ಮಾಡಿಕೊಂಡು ನಾವು ಅಂಗಡಿ ಆಟ ಆಡುತ್ತಿದ್ದದ್ದು!

ಅಪ್ಪನಿಗೆ ಹೇಳಿದೆ. ಅವರ ಪ್ರತಿಕ್ರಿಯೆ ವೃತ್ತಿಪರವಾಗಿತ್ತು: ‘ತಪಸಿಯಾ? ಅದು ದಾರಂದಕ್ಕೆ ಆಗುವುದಿಲ್ಲ. ಹುಳ ಬೀಳ್ತದೆ. ಕೊಡಲಿಯಲ್ಲಿ ಸೀಳಿದರೆ ಸರಿಯಾಗಿ ಸೀಳುವುದೂ ಇಲ್ಲ, ನಾರು ಒಂದರೊಳಗೊಂದು ಹೆಣೆದುಕೊಂಡಿರ್ತದೆ.’

ಅಪ್ಪ ದೂರಿದ ಈ ಗುಣವೇ ಬಿಲ್ಲಿಗೆ ಬೇಕಾದದ್ದು. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಸುಲಭವಾಗಿ ಸೀಳುವ ಮರವಾದರೆ ಬೆನ್ನಿನಿಂದ ಸಿಬಿರು ಏಳುತ್ತದೆ. ಹೆಣೆದ ನಾರು ಬಿಡುವುದಿಲ್ಲ. 12ನೇ ಶತಮಾನದಲ್ಲಿ ವೇಲ್ಸ್ ದೇಶ ಸುತ್ತಿದ ಜೆರಾಲ್ಡ್ ಎಂಬ ಪಾದ್ರಿ, ಅಲ್ಲಿನವರ ಬಿಲ್ಲುಗಳು ಕಾಡು ಎಲ್ಮ್‌ನವು, ನೋಡಲು ಒರಟು, ಆದರೆ ಭಾರೀ ಗಟ್ಟಿ ಎನ್ನುವ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಇದನ್ನು ಹೇಳಿದಾಗ ಅಪ್ಪ ಟಿವಿ ಸೌಂಡ್ ಕಡಿಮೆ ಮಾಡಿದರು. ‘ಎಷ್ಟು ಇಂಚು ಅಗಲ ಬೇಕು?’

ಕೆಡ್ಡಸ ಮುಗಿಯಲಿ

ಮಾವನ ಮನೆಯ ತಪಸಿಯ ಒಂದು ಕೊಂಬೆ ಕೊಟ್ಟಿಗೆಯ ಹಂಚಿನ ಮೇಲೆ ವಾಲಿತ್ತು. ಮಳೆಗಾಲದೊಳಗೆ ತೆಗೆಯುವುದೇ ಅಂತ ಮಾವ ಮೊದಲೇ ನಿಶ್ಚಯ ಮಾಡಿದ್ದರು. ನಾವು ಹೋದದ್ದು ಫೆಬ್ರವರಿ ಎರಡನೇ ವಾರ. ಅಜ್ಜಿ ಕತ್ತಿ ಮುಟ್ಟಲು ಬಿಡಲಿಲ್ಲ. ‘ಕೆಡ್ಡಸ ಮುಗೀಲಿ ಮಗಾ.’

ತುಳುನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಎರಡು ಮಾತು. ಪೊನ್ನಿ ತಿಂಗಳ ಕೊನೆಯ ಮೂರು ದಿನ ಕೆಡ್ಡಸ. ಭೂಮಿತಾಯಿ ಮುಟ್ಟಾಗಿ ವಿಶ್ರಾಂತಿಯಲ್ಲಿರುವ ದಿನಗಳು ಅಂತ ನಂಬಿಕೆ. ಆ ಮೂರು ದಿನ ನೆಲ ಅಗೆಯುವ ಹಾಗಿಲ್ಲ, ಉಳುವ ಹಾಗಿಲ್ಲ, ಹಸಿ ಮರ ಕಡಿಯುವ ಹಾಗಿಲ್ಲ. ಹುರಿದು ಪುಡಿ ಮಾಡಿ ಬೆಲ್ಲ, ಕಾಯಿ ಸೇರಿಸಿದ ನನ್ಯರಿ ತಿನ್ನುವುದು, ಸುಮ್ಮನಿರುವುದು. ತಮಾಷೆ ಏನೆಂದರೆ, ಹಿಂದೆ ಊರಿನ ಗಂಡಸರು ಬೇಟೆಗೆ ಹೋಗುತ್ತಿದ್ದದ್ದೂ ಇದೇ ಕೆಡ್ಡಸಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಬೇಟೆ ಹೋಯಿತು, ನನ್ಯರಿ ಉಳಿಯಿತು. ಒಳ್ಳೆಯದೇ ಆಯಿತು.

ಮೂರು ದಿನ ಕಾದು, ನಾಲ್ಕನೇ ದಿನ ಮಾವ ಕೊಂಬೆ ಇಳಿಸಿದರು. ತೊಡೆಯಷ್ಟಲ್ಲದಿದ್ದರೂ ತೋಳಿಗಿಂತ ದಪ್ಪ. ಅಪ್ಪ ಕಣ್ಣು ಮುಚ್ಚಿ ಅದರ ಉದ್ದಕ್ಕೂ ಎರಡೂ ಕೈ ಆಡಿಸಿದರು. ಕೈ ಹೋದಲ್ಲೆಲ್ಲ ಒಂದೊಂದು ವರದಿ: ‘ಇಲ್ಲಿ ಗಂಟು. ಇಲ್ಲಿಂದ ತಿರುಚಿದೆ. ಈ ಕಡೆ ಬಿಸಿಲು ಬಿದ್ದದ್ದು, ಆ ಕಡೆ ಇಲ್ಲ. ಹಾಂ, ಇಲ್ಲಿಂದ ಇಲ್ಲಿವರೆಗೆ ತೆಗೆ.’ ಟೇಪ್ ಇಟ್ಟು ನೋಡಿದೆ. 70 ಇಂಚು. ಬೇಕಾದದ್ದು 66, ಎರಡೂ ಕಡೆ ಬಿರುಕು ಬಿಟ್ಟರೆ ಕತ್ತರಿಸಲು ನಾಲ್ಕು ಹೆಚ್ಚು. ಅವರಿಗೆ ಟೇಪ್ ಬೇಕಾಗಲೇ ಇಲ್ಲ.

ಉದ್ದಕ್ಕೆ ಗರಗಸ ಹಾಕಿ ಎರಡು ಹೋಳು ಮಾಡಿದೆವು. ಗರಗಸದ ಒಂದು ತುದಿ ಅಪ್ಪ, ಇನ್ನೊಂದು ನಾನು. ಹತ್ತು ನಿಮಿಷಕ್ಕೆ ನನ್ನ ಭುಜ ಸೋತಿತು. ಅರವತ್ತೈದರ ಅಪ್ಪ, ‘ಎಳೆಯುವಾಗ ಮಾತ್ರ ಬಲ. ತಳ್ಳಬೇಡ, ಅದು ನನ್ನ ಕೆಲಸ’ ಅಂದರು. ಅವರಿಂದ ನಾನು ಕಲಿತ ಮೊದಲ ಮರಗೆಲಸದ ಪಾಠ ಅದು, ನನ್ನ ಮೂವತ್ತನೇ ವಯಸ್ಸಿನಲ್ಲಿ.

ಬಚ್ಚಲೊಲೆಯ ಅಟ್ಟ

ಹಸಿ ಮರದ ಬಿಲ್ಲು ಬಾಗುತ್ತದೆ, ಆದರೆ ವಾಪಸ್ ಬರುವುದಿಲ್ಲ. ಒಳಗಿನ ನೀರು ಹೋಗಲೇಬೇಕು. ಪಾಶ್ಚಾತ್ಯ ಪುಸ್ತಕಗಳಲ್ಲಿ ತೇವಾಂಶ ಶೇ. 8ರಿಂದ 10ಕ್ಕೆ ಇಳಿಯಲಿ ಅಂತ ಬರೆದಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿಯಲ್ಲಿ ಇದು ಸುಲಭವಲ್ಲ. ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಜೊತೆಗೆ ತಪಸಿಯ ಬಿಳಿ ಮರ ಅಂದರೆ ಕೊರೆಯುವ ಹುಳಕ್ಕೆ ಹಬ್ಬದೂಟ.

ಎರಡಕ್ಕೂ ಅಜ್ಜಿಯ ಮನೆಯಲ್ಲೇ ಪರಿಹಾರ ಇತ್ತು. ಬಚ್ಚಲಿನ ಹಂಡೆ ಒಲೆಯ ಮೇಲಿನ ಅಟ್ಟ. ದಿನಾ ಬೆಳಿಗ್ಗೆ, ಸಂಜೆ ತೆಂಗಿನ ಗರಿ, ಸಿಪ್ಪೆ ಉರಿಯುವ ಜಾಗ. ಹೊಗೆಗೆ ಹುಳ ಬರುವುದಿಲ್ಲ, ಬಿಸಿಗೆ ನೀರು ನಿಲ್ಲುವುದಿಲ್ಲ. ಬಿತ್ತನೆ ಬೀಜ, ಹೆಡಿಗೆ ಎಲ್ಲ ಹಿಂದಿನವರು ಅಲ್ಲೇ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ಒಂದು ಹೋಳಿನ ತೊಗಟೆ ಸುಲಿದು, ಅಪ್ಪ ಹೇಳಿದಂತೆ ಒರಟಾಗಿ ಬಿಲ್ಲಿನ ಆಕಾರಕ್ಕೆ ಇಳಿಸಿ, ಎರಡೂ ತುದಿಗೆ ಫೆವಿಕಾಲ್ ಬಳಿದು ಅಟ್ಟಕ್ಕೆ ಏರಿಸಿದೆವು. ತುದಿಯಿಂದ ನೀರು ಬೇಗ ಹೋಗುತ್ತದೆ, ಬೇಗ ಹೋದರೆ ಸೀಳು ಬಿಡುತ್ತದೆ, ಅದಕ್ಕೆ ಫೆವಿಕಾಲ್.

ಮರ ಒಣಗಿದ್ದು ಗೊತ್ತಾಗುವುದು ಹೇಗೆ? ನನ್ನ ಲೆಕ್ಕ: ಅಡುಗೆಮನೆಯ ತಕ್ಕಡಿ. ಪ್ರತಿ ಭಾನುವಾರ ಮಾವನಿಂದ ವಾಟ್ಸ್ಆ್ಯಪ್‌ನಲ್ಲಿ ತೂಕ ಬರುತ್ತಿತ್ತು, ನಾನು ಶೀಟಿಗೆ ಹಾಕುತ್ತಿದ್ದೆ. 1,740 ಗ್ರಾಂ. 1,520. 1,360. 1,240. ಏಪ್ರಿಲ್ ಕೊನೆಗೆ 1,190ಕ್ಕೆ ಬಂದು ಎರಡು ವಾರ ಅಲ್ಲೇ ನಿಂತಿತು. ತೂಕ ಇಳಿಯುವುದು ನಿಂತರೆ ಆ ಜಾಗದ ಗಾಳಿಗೆ ಮರ ಹೊಂದಿಕೊಂಡಿತು ಅಂತ ಅರ್ಥ. ಗ್ರಾಫ್ ನೋಡಿ ಖುಷಿಪಟ್ಟು ಅಪ್ಪನಿಗೆ ಓದಿ ಹೇಳಿದೆ. ಮನೆಗೆ ತಂದ ಮೇಲೆ ಅವರು ಅದನ್ನು ಗೆಣ್ಣಿನಿಂದ ಎರಡು ಸಲ ಕುಟ್ಟಿದರು, ಕೆನ್ನೆಗೆ ತಾಗಿಸಿದರು. ‘ತಂಪಿಲ್ಲ. ಆಗಿದೆ.’ ಹತ್ತು ವಾರದ ಶೀಟಿಗೂ ಹತ್ತು ಸೆಕೆಂಡಿನ ಕೆನ್ನೆಗೂ ಉತ್ತರ ಒಂದೇ!

ಪೆಟ್ಟಿಗೆಯೊಳಗೊಂದು ಬಿಲ್ಲು

ಉಳಿ ಪೆಟ್ಟಿಗೆಯನ್ನು ಮಂಚದಡಿಯಿಂದ ಎಳೆದದ್ದು ಆ ದಿನ. ನವರಾತ್ರಿಯ ಆಯುಧ ಪೂಜೆಗೆ ಹಚ್ಚಿದ ಕುಂಕುಮ ಇನ್ನೂ ಕೆಲವು ಹಿಡಿಗಳಲ್ಲಿ ಉಳಿದಿತ್ತು. ಕೆಲಸ ನಿಲ್ಲಿಸಿದರೂ ಪೂಜೆ ನಿಲ್ಲಿಸಿರಲಿಲ್ಲ. ಉಳಿ, ಬಾಚಿ, ಕೀಸುಳಿ, ಕೊಡತಿ, ಅರ. ಎಲ್ಲದರ ಅಡಿಯಲ್ಲಿ ಒಂದು ಹಳೇ ಬೈರಿಗೆ. ಕರೆಂಟಿನ ಡ್ರಿಲ್ ಬರುವ ಮೊದಲು ಮರಕ್ಕೆ ತೂತು ಕೊರೆಯುತ್ತಿದ್ದದ್ದು ಅದರಲ್ಲಿ. ಅದಕ್ಕೊಂದು ಬಾಗಿದ ಕೋಲು, ಕೋಲಿಗೆ ಹುರಿ. ಹುರಿಯನ್ನು ಬೈರಿಗೆಗೆ ಒಂದು ಸುತ್ತು ಸುತ್ತಿ ಕೋಲನ್ನು ಹಿಂದೆ ಮುಂದೆ ಎಳೆದರೆ ಬೈರಿಗೆ ತಿರುಗುತ್ತದೆ. ‘ನನ್ನ ಅಪ್ಪಂದು’ ಅಂದರು. ‘ಈ ಕೋಲಿಗೂ ಬಿಲ್ಲು ಅಂತಲೇ ಹೇಳುವುದು. ನಮ್ಮಲ್ಲಿ ಬಿಲ್ಲು ಮೊದಲೇ ಉಂಟು ಮಾರಾಯ.’

ನನಗೆ ಅಲ್ಲಿಯವರೆಗೆ ಗೊತ್ತಿದ್ದ ಬಿಲ್ಲು ಯಕ್ಷಗಾನದ್ದು. ಅದು ಬಾಗುವುದಿಲ್ಲ, ಬಾಗಬೇಕಾಗಿಯೂ ಇಲ್ಲ, ವೇಷಧಾರಿ ಹಿಡಿದು ಕುಣಿದರೆ ಸಾಕು, ಬಾಣ ಹೋದದ್ದು ನಮಗೆ ಚೆಂಡೆಯಲ್ಲಿ ಗೊತ್ತಾಗುತ್ತದೆ. ನಿಜವಾದ ಬಿಲ್ಲಿನ ಕಥೆ ಬೇರೆ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಓಲೆಗರಿಗಳಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಪಟ್ಟಿಯೇ ಇದೆ. ಬಿಲ್ಲಿಗೆ ತಾಳೆ, ಬಿದಿರು, ಮರ, ಕೊಂಬು. ಹೆದೆಗೆ ಎಕ್ಕದ ನಾರು, ಸೆಣಬು, ಬಿದಿರು, ಪ್ರಾಣಿಗಳ ಸ್ನಾಯು ಇತ್ಯಾದಿ. ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್ ಕಂಡ ಭಾರತದ ಬಿಲ್ಲು ಆಳೆತ್ತರದ್ದಂತೆ, ಒಂದು ತುದಿ ನೆಲಕ್ಕೂರಿ ಎಡಗಾಲಿನಲ್ಲಿ ಒತ್ತಿ ಹಿಡಿದು ಎಳೆಯುತ್ತಿದ್ದರಂತೆ.

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ಓಟ್ಸಿ ಎಂಬ 5,000 ವರ್ಷಕ್ಕೂ ಹಳೆಯ ಮನುಷ್ಯನ ಕಥೆ ಹೇಳಿದಾಗ ಅಪ್ಪ ಬಾಚಿ ಕೆಳಗಿಟ್ಟರು. ಅವನ ಬಳಿ ಆರಡಿ ಉದ್ದದ ಬಿಲ್ಲು ಇತ್ತು, ಆದರೆ ಕೆತ್ತಿ ಮುಗಿದಿರಲಿಲ್ಲ, ಉಪಕರಣದ ಗುರುತು ಹಾಗೇ ಇತ್ತು. ‘ಪಾಪ’ ಅಂದರು ಅಪ್ಪ. ‘ಕೆಲಸ ಬಾಕಿ ಉಳೀತಲ್ಲ.’

ಹಟ ಇರುವ ಜಾಗ

ಬಿಲ್ಲು ಮಾಡುವುದರಲ್ಲಿ ಆಕಾರ ಕೆತ್ತುವುದು ಸಣ್ಣ ಭಾಗ. ದೊಡ್ಡ ಭಾಗ ಎರಡೂ ತೋಳುಗಳನ್ನು ಸಮನಾಗಿ ಬಾಗುವಂತೆ ಮಾಡುವುದು. ಒಂದು ಕಡೆ ಹೆಚ್ಚು ಬಾಗಿದರೆ ಭಾರ ಎಲ್ಲ ಅಲ್ಲೇ ಬಿದ್ದು ಒಂದು ದಿನ ಅಲ್ಲೇ ಮುರಿಯುತ್ತದೆ. ಬೆನ್ನು ಮುಟ್ಟುವ ಹಾಗಿಲ್ಲ, ತೊಗಟೆಯ ಅಡಿಯ ಪದರ ಇಡಿಯಾಗಿ ಉಳಿಯಬೇಕು. ತೆಗೆಯುವುದೆಲ್ಲ ಹೊಟ್ಟೆಯ ಕಡೆಯಿಂದ.

ಇಲ್ಲಿ ಕಾಲೇಜಿನ ಪಾಠ ನೆನಪಾಯಿತು. ಬೀಮಿನ ಗಡಸುತನ ಅಗಲಕ್ಕೆ ನೇರವಾಗಿ, ದಪ್ಪಕ್ಕೆ ಘನದಲ್ಲಿ. ದಪ್ಪ ಶೇ. 10 ಕಡಿಮೆ ಮಾಡಿದರೆ ಬಲ ಶೇ. 27 ಇಳಿಯುತ್ತದೆ. ಅರ್ಧ ಇಂಚು ದಪ್ಪದ ತೋಳಿನಲ್ಲಿ ಆ ಶೇ. 10 ಅಂದರೆ ಬರೀ ಒಂದೂಕಾಲು ಮಿಲಿಮೀಟರ್. ಅಳಿಸಿದ್ದನ್ನು ವಾಪಸ್ ತರುವ ಬಟನ್ ಮರಕ್ಕೆ ಇಲ್ಲ. ಹಾಗಾಗಿ ಈ ಹಂತದಲ್ಲಿ ಉಳಿ ಇಲ್ಲ. ಅರ, ಆಮೇಲೆ ಗಾಜಿನ ಚೂರು, ಕೊನೆಗೆ ಸ್ಯಾಂಡ್ ಪೇಪರ್.

ಗೋಡೆಗೆ ಒಂದು ಹಲಗೆ ಹೊಡೆದು, ಅದರ ಮೇಲೆ ಬಿಲ್ಲು ಇಟ್ಟು, ಹಗ್ಗ ರಾಟೆಯಲ್ಲಿ ಒಂದೊಂದೇ ಇಂಚು ಎಳೆಯುವುದು. ನಾನು ಪ್ರತಿ ಸಲ ಫೋಟೋ ತೆಗೆದು ಲ್ಯಾಪ್‌ಟಾಪಿನಲ್ಲಿ ಎಡ ತೋಳನ್ನು ತಿರುಗಿಸಿ ಬಲ ತೋಳಿನ ಮೇಲೆ ಇಟ್ಟು ವ್ಯತ್ಯಾಸ ನೋಡುತ್ತಿದ್ದೆ. ಒಂದು ಸಂಜೆ ಎಡ ತೋಳಿನಲ್ಲಿ, ತುದಿಯಿಂದ ಎಂಟು ಇಂಚು ಒಳಗೆ, ಬಾಗದೆ ನೇರ ನಿಂತ ಭಾಗ ಸ್ಕ್ರೀನಿನಲ್ಲಿ ಕಂಡಿತು. ಹೇಳಲು ಹೊರಗೆ ಬಂದೆ. ಅಪ್ಪ ಹಗ್ಗ ಬಿಚ್ಚಿ ಬಿಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಹೆಬ್ಬೆರಳನ್ನು ಹೊಟ್ಟೆಯ ಮೇಲೆ ಜಾರಿಸುತ್ತಿದ್ದರು. ಬೆರಳು ನಿಂತಿತು. ‘ಇಲ್ಲಿ ಹಟ ಉಂಟು’ ಅಂದರು. ಅಳೆದೆ. ಎಂಟು ಇಂಚು.

‘ಹಟ ಇದ್ದಲ್ಲಿ ತೆಗಿ, ಸೋತಲ್ಲಿ ಮುಟ್ಟಬೇಡ’ ಅಂತ ಅರವನ್ನು ನನ್ನ ಕೈಗೆ ಕೊಟ್ಟರು. ನನ್ನ ಕೈ ಮೇಲೆ ಅವರ ಕೈ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎನ್ನುವುದೆಲ್ಲ ಬಾಯಲ್ಲಿ ಹೇಳಲು ಬರುವುದಿಲ್ಲ. ಅವರ ಬಲಗೈ ತೋರುಬೆರಳಿನ ತುದಿ ಇಲ್ಲ, ನಾನು ಹುಟ್ಟುವ ಮೊದಲು ಕೆಲಸದಲ್ಲಿ ಹೋದದ್ದು. ಆ ಮೋಟು ಬೆರಳು ನನ್ನ ಬೆರಳನ್ನು ಒತ್ತಿ ಹಿಡಿದದ್ದು ಈಗಲೂ ನೆನಪಿದೆ.

ಹನ್ನೆರಡು ವರ್ಷದಿಂದ ಕೇಳದೆ ಉಳಿದದ್ದನ್ನು ಆಗ ಕೇಳಿದೆ. ‘ನನಗೆ ಯಾಕೆ ಕಲಿಸಲಿಲ್ಲ ನೀವು?’

ಅಪ್ಪ ಸ್ವಲ್ಪ ಹೊತ್ತು ಅರ ಉಜ್ಜುವ ಶಬ್ದ ಕೇಳುತ್ತಾ ಇದ್ದರು. ‘ನಿನಗೆ ಐದು ವರ್ಷ ಆಗುವಾಗ ರೆಡಿಮೇಡ್ ಬಾಗಿಲು ಬಂತು. ಆಮೇಲೆ ಟೆರೇಸ್ ಮನೆ, ಪಕ್ಕಾಸು ಬೇಡ. ಆಮೇಲೆ ಅಲ್ಯುಮಿನಿಯಂ ಕಿಟಕಿ. ಮಳೆಗಾಲದಲ್ಲಿ ಎರಡು ತಿಂಗಳು ಕೆಲಸವೇ ಇಲ್ಲ. ಬೇಡ ಅಂದದ್ದು ಕೆಲಸ ಸಣ್ಣದು ಅಂತ ಅಲ್ಲ ಮಗ. ಕೂಲಿ ಸಣ್ಣದು ಅಂತ.’

ಮತ್ತೆ ಏನೂ ಹೇಳಲಿಲ್ಲ. ‘ಸಾಕು, ಒಂದು ಸಲ ಎಳೆದು ನೋಡು’ ಅಂದರು, ಅಷ್ಟೇ.

ಒಮ್ಮೊಮ್ಮೆ ಯೋಚಿಸುತ್ತೇನೆ. ನಮ್ಮ ತಲೆಮಾರಿನ ಎಷ್ಟೋ ಜನ ಎಂಜಿನಿಯರುಗಳು ಹೀಗೆಯೇ ಆದವರು. ಮೀನಿನವರ, ನೇಯ್ಗೆಯವರ, ಕೃಷಿಕರ, ಕಮ್ಮಾರರ ಮಕ್ಕಳು. ಮನೆಯಲ್ಲಿದ್ದ ವಿದ್ಯೆಯನ್ನು ನಮಗೆ ಕೊಡದೇ ಇರಲು ಹಿರಿಯರು ಕಷ್ಟಪಟ್ಟಿದ್ದಾರೆ, ಕಲಿಸುವುದಕ್ಕಿಂತ ಹೆಚ್ಚು ಕಷ್ಟ. ಅದರ ಫಲವಾಗಿಯೇ ನಮ್ಮ ಇಎಂಐಗಳು ತಿಂಗಳು ತಿಂಗಳು ಹೋಗುತ್ತಿವೆ. ಅವರ ನಿರ್ಧಾರ ತಪ್ಪು ಅಂತ ನಾನು ಹೇಳಲಾರೆ. ಆದರೆ ಸಂಬಳಕ್ಕೆ ಬೇರೆ ದಾರಿ ಸಿಕ್ಕ ಮೇಲೆ, ಆ ವಿದ್ಯೆಯನ್ನು ಕೂಲಿಯ ಲೆಕ್ಕ ಬಿಟ್ಟು ಕೇಳಿ ಪಡೆಯಬಹುದಲ್ಲ? ಬಿಲ್ಲಿಗೆ ಗಿರಾಕಿ ಇರಲಿಲ್ಲ, ಡೆಡ್‌ಲೈನ್ ಇರಲಿಲ್ಲ. ಬಹುಶಃ ಅದಕ್ಕೇ ಅಪ್ಪ ಒಪ್ಪಿದ್ದು.

ಹೆದೆ ಏರಿಸಿದ ದಿನ

ಹೆದೆಗೆ ಎಕ್ಕದ ನಾರು ತೆಗೆಯುವ ಆಸೆ ಇತ್ತು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಅಪ್ಪನ ಕಣ್ಣು ಮೊದಲೇ ಹೀಗೆ ಅಂತ ಅಮ್ಮ ಬಿಡಲಿಲ್ಲ. ಮಲ್ಪೆಯ ಬಲೆ ಅಂಗಡಿಯಿಂದ ಪಾಲಿಯೆಸ್ಟರ್ ಹುರಿ ತಂದೆ. ನೈಲಾನ್ ಹಿಗ್ಗುತ್ತದೆ, ಇದು ಅಷ್ಟು ಹಿಗ್ಗುವುದಿಲ್ಲ. ಬಿಲ್ಲಿನ ಎರಡು ತುದಿಯಲ್ಲಿ ಹೆದೆ ಕೂರುವ ಕಚ್ಚಿಗೆ ಹಳೆಗನ್ನಡದಲ್ಲಿ ಕೊಪ್ಪು ಅಂತ ಹೆಸರಿದೆ. ಅದನ್ನು ಅಪ್ಪನೇ ಕೆತ್ತಿದರು, ಬರೀ ಬೆರಳಿನ ಅಂದಾಜಿನಲ್ಲಿ.

ಬಣ್ಣದ ವಿಷಯದಲ್ಲಿ ಚರ್ಚೆ ಆಯಿತು. ನಮ್ಮಲ್ಲಿ ಪಕ್ಕಾಸಿಗೆ ಗೆದ್ದಲು ಬಾರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ರೂಢಿ. ಆದರೆ ಅದು ಚರ್ಮ ಸುಡುತ್ತದೆ, ಕೈಯಲ್ಲಿ ಹಿಡಿಯುವ ವಸ್ತುವಿಗೆ ಆಗುವುದಿಲ್ಲ. ಕೊನೆಗೆ ಅಗಸೆ ಎಣ್ಣೆ, ಮೇಲೆ ಜೇನುಮೇಣ. ತಪಸಿಯ ಮಾಸಲು ಹಳದಿ ಬಣ್ಣ ಹಲಸಿನ ಹಣ್ಣಿನ ತೊಳೆಯ ಹತ್ತಿರಕ್ಕೆ ಬಂತು. ಮುಗಿದಾಗ ತೂಕ 590 ಗ್ರಾಂ. ಅಟ್ಟದಿಂದ ಇಳಿದದ್ದರಲ್ಲಿ ಅರ್ಧದಷ್ಟು ಹೊಟ್ಟಾಗಿ ಅಂಗಳದಲ್ಲಿ ಬಿದ್ದಿತ್ತು. ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ಹಾಕಿ ಎಳೆದು ನೋಡಿದೆ. 26 ಇಂಚಿಗೆ 28 ಪೌಂಡ್, ಅಂದರೆ ಸುಮಾರು 13 ಕಿಲೋ ಬಲ. ಯುದ್ಧಕ್ಕೆ ಸಾಲದು, ನಮಗೆ ಧಾರಾಳ.

ಮೊದಲ ಬಾಣ ಬಿಟ್ಟದ್ದು ಮಾವನ ಮನೆಯ ಗದ್ದೆಯಲ್ಲಿ, ಮೇ ತಿಂಗಳ ಕೊನೆಯ ಭಾನುವಾರ, ಮೋಡ ಕಟ್ಟಿದ ಸಂಜೆ. ಬೈಹುಲ್ಲು ತುಂಬಿದ ಗೋಣಿ ಗುರಿ, ಹಿಂದೆ ಮಣ್ಣಿನ ಗೋಡೆ. ನಾನು ಹತ್ತು ಬಿಟ್ಟೆ, ಆರು ತಾಗಿತು. ಆಮೇಲೆ ಬಿಲ್ಲನ್ನು ಅಪ್ಪನಿಗೆ ಕೊಟ್ಟೆ. ‘ನನಗೆ ಗೋಣಿ ಎಲ್ಲಿ ಕಾಣ್ತದೆ?’ ಅಂದರು. ಆದರೂ ಹಿಡಿದರು. ನಾನು ಹಿಂದೆ ನಿಂತು ಭುಜ ತಿರುಗಿಸಿದೆ. ಮೊದಲ ಬಾಣ ಗೋಡೆಗೆ. ಎರಡನೆಯದು ಎಲ್ಲಿ ಹೋಯಿತೋ. ಮೂರನೆಯದಕ್ಕೆ ಧಪ್ ಅಂತ ಶಬ್ದ.

‘ತಾಗಿತಾ?’

‘ತಾಗಿತು ಅಪ್ಪ.’

‘ಕೇಳಿತು’ ಅಂದರು. ಇನ್ನೊಂದು ಬಾಣಕ್ಕೆ ಕೈ ಚಾಚಿದರು.

ನಿಮಗೂ ಮಾಡಬೇಕು ಅನಿಸಿದರೆ

ತಪಸಿಯೇ ಆಗಬೇಕಿಲ್ಲ. ನಮ್ಮ ದೇಶದಲ್ಲಿ ಬಿದಿರಿನ ಬಿಲ್ಲಿಗೆ ದೊಡ್ಡ ಪರಂಪರೆ ಇದೆ, ಈಗಲೂ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ವಿಭಾಗದವರು ಬಿದಿರಿನ ಬಿಲ್ಲು ಹಿಡಿಯುತ್ತಾರೆ. ಮರವಾದರೆ ಬಿದ್ದ ಅಥವಾ ಹೇಗೂ ತೆಗೆಯಬೇಕಾದ ಕೊಂಬೆ ಹುಡುಕಿ, ಇದಕ್ಕೆಂದೇ ಮರ ಕಡಿಯಬೇಡಿ. ಒಣಗಲು ಬೇಸಿಗೆ ಆರಿಸಿ. ಬೆನ್ನಿನ ಪದರಕ್ಕೆ ಉಳಿ ತಾಗಿಸಬೇಡಿ. ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ, ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಹೊಡೆದು ಮುರಿಯಬಹುದು. ಆಟ ಮುಗಿದ ತಕ್ಷಣ ಹೆದೆ ಇಳಿಸಿ, ಕಟ್ಟಿಯೇ ಇಟ್ಟರೆ ಬಿಲ್ಲು ಬಾಗಿದ ಹಾಗೇ ಉಳಿದುಬಿಡುತ್ತದೆ. ಗುರಿಯ ಹಿಂದೆ ಯಾವಾಗಲೂ ಮಣ್ಣಿನ ಗೋಡೆಯೋ ದಿಬ್ಬವೋ ಇರಲಿ, ಸುತ್ತ ಮಕ್ಕಳು, ದನ ಇಲ್ಲದ್ದು ನೋಡಿಕೊಳ್ಳಿ. 28 ಪೌಂಡಿನ ಬಿಲ್ಲೂ ಆಟಿಕೆ ಅಲ್ಲ.

ಮತ್ತು ಮನೆಯಲ್ಲೋ ನೆರೆಯಲ್ಲೋ ಮರದ ಕೆಲಸ ಗೊತ್ತಿದ್ದ ಹಿರಿಯರಿದ್ದರೆ ಮೊದಲು ಅವರನ್ನು ಕೇಳಿ, ಯೂಟ್ಯೂಬ್ ಆಮೇಲೆ. ವಿಡಿಯೋದಲ್ಲಿ ಹಟ ಇರುವ ಜಾಗ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ.

ಉಳಿ ಪೆಟ್ಟಿಗೆ ಈಗ ಮಂಚದಡಿ ಇಲ್ಲ, ಜಗಲಿಯಲ್ಲಿದೆ. ಭಾನುವಾರ ಬೆಳಿಗ್ಗೆ ನನಗೆ ಸಾಣೆಕಲ್ಲಿನ ಪಾಠ. ಉಳಿ ಮಸೆಯಲು ಬಂದರೆ ಅರ್ಧ ಕೆಲಸ ಬಂದ ಹಾಗೆ ಅಂತ ಅಪ್ಪನ ಲೆಕ್ಕ. ಸದ್ಯಕ್ಕೆ ನನಗೆ ಕಾಲು ಭಾಗ ಬಂದಿದೆಯಂತೆ. ಕೊಂಬೆಯ ಇನ್ನೊಂದು ಹೋಳು ಅಜ್ಜಿಯ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಮಲಗಿದೆ. ಅದನ್ನೂ ಬಿಲ್ಲು ಮಾಡುವ ಅಂತ ನಾವಿಬ್ಬರೂ ಮಾತಾಡುತ್ತಿದ್ದಾಗ ಅಮ್ಮ ಒಳಗಿನಿಂದಲೇ ಹೇಳಿದಳು, ‘ಬಿಲ್ಲು ಒಂದು ಆಯ್ತಲ್ಲ. ಇಪ್ಪತ್ತು ವರ್ಷದಿಂದ ಒಂದು ಮಣೆ ಕೇಳ್ತಾ ಇದ್ದೇನೆ. ಅಪ್ಪ, ಮಗ ಸೇರಿ ಮೊದಲು ಅದನ್ನು ಮಾಡಿಕೊಡಿ.’

ಹಲಸಿನ ಹಲಗೆ ತಂದಾಗಿದೆ. ಗೆರೆ ನಾನು ಹಾಕಬೇಕು, ಸರಿ ಇದೆಯಾ ಅಂತ ಅಪ್ಪ ಮುಟ್ಟಿ ನೋಡುತ್ತಾರೆ.